ಗರ್ಭ ನಿಲ್ಲಲು ಬೇಕಾದ ಹದ

ಮಕ್ಕಳಾಗದ ದಂಪತಿಗಳು ನಮ್ಮ ಸೀಮೆಯಲ್ಲಿ ಮೊದಲು ಹರಕೆ ಹೊರುತ್ತಾರೆ, ಆಮೇಲೆ ನಾಟಿ ಔಷಧಿಯವರನ್ನು ಹುಡುಕುತ್ತಾರೆ, ಕಡೆಗೆ ಡಾಕ್ಟರರ ಬಾಗಿಲಿಗೆ ಹೋಗುತ್ತಾರೆ. ಗಡಹಿಂಗ್ಲಜ ಕಡೆಯಿಂದ ಕೊಲ್ಹಾಪುರಕ್ಕೋ ಬೆಳಗಾವಿಗೋ ಹೋಗಿ, ಕಬ್ಬಿನ ಬಿಲ್ಲಿನ ಹಣವನ್ನೆಲ್ಲ ಪ್ರನಾಳ ಶಿಶು ಚಿಕಿತ್ಸೆಗೆ ಸುರಿದು, “ಭ್ರೂಣ ಚೆನ್ನಾಗಿತ್ತು, ಗರ್ಭಕೋಶ ಹಿಡಿಯಲಿಲ್ಲ” ಎಂಬ ಒಂದೇ ಮಾತು ಕೇಳಿಕೊಂಡು ಮರಳುವವರಿದ್ದಾರೆ. ಮನೆಗೆ ಬಂದ ಮೇಲೆ ಆ ಮಾತು ಸೊಸೆಯ ಮೇಲಿನ ತೀರ್ಪಾಗಿಬಿಡುತ್ತದೆ. ಹಾಗಾದರೆ ಗರ್ಭಕೋಶ ‘ಹಿಡಿಯುವುದು’ ಎಂದರೇನು?

ಗರ್ಭಕೋಶದ ಒಳಗೋಡೆಗೆ ಮೃದುವಾದ ಒಂದು ಪೊರೆಯಿದೆ. ಪ್ರತಿ ತಿಂಗಳ ಮುಟ್ಟಿನಲ್ಲಿ ಇದರ ಮೇಲ್ಪದರವೇ ಕಳಚಿ ಹೋಗುತ್ತದೆ. ಮುಟ್ಟು ನಿಂತಾಗ ಎರಡು ಮೂರು ಮಿಲಿಮೀಟರ್ ಇರುವ ಪೊರೆ, ಅಂಡಾಶಯದಿಂದ ಬರುವ ಈಸ್ಟ್ರೋಜೆನ್ ಎಂಬ ಹಾರ್ಮೋನಿನ ಬಲದಿಂದ ಬೆಳೆದು, ಅಂಡ ಬಿಡುಗಡೆಯಾಗುವ ಹೊತ್ತಿಗೆ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಮಿಲಿಮೀಟರ್ ಆಗುತ್ತದೆ. ಆಮೇಲೆ ಪ್ರೊಜೆಸ್ಟರೋನ್ ಎಂಬ ಇನ್ನೊಂದು ಹಾರ್ಮೋನು ಬರುತ್ತದೆ. ಇದು ಪೊರೆಯನ್ನು ದಪ್ಪ ಮಾಡುವುದಿಲ್ಲ, ಹದ ಮಾಡುತ್ತದೆ. ಗ್ರಂಥಿಗಳಲ್ಲಿ ರಸ ತುಂಬುತ್ತದೆ, ರಕ್ತನಾಳಗಳು ಸುರುಳಿ ಸುತ್ತುತ್ತವೆ. ಅಂಡ ಬಿಡುಗಡೆಯಾಗಿ ಸುಮಾರು ಆರನೆಯ ದಿನದಿಂದ ಹತ್ತನೆಯ ದಿನದವರೆಗೆ ಮಾತ್ರ ಈ ಪೊರೆ ಭ್ರೂಣವನ್ನು ಒಳಗೆ ಬಿಟ್ಟುಕೊಳ್ಳುತ್ತದೆ.

ಹದ ಎಂಬುದನ್ನು ಒಕ್ಕಲಿಗನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೃಗಶಿರಾ ಮಳೆ ಬಿದ್ದ ಮೇಲೆ ನೆಲ ಕೆಸರಿದ್ದಾಗ ಕೂರಿಗೆ ಹೂಡುವಂತಿಲ್ಲ; ಹಸಿ ಆರಿದ ಮೇಲೆ ಬಿತ್ತಿದ ಶೇಂಗಾ ಮೊಳೆಯುವುದಿಲ್ಲ. ನಡುವೆ ಸಿಗುವುದು ನಾಲ್ಕಾರು ದಿನ. ಆದರೆ ಈ ಹೋಲಿಕೆಯನ್ನು ಇಷ್ಟಕ್ಕೇ ನಿಲ್ಲಿಸಬೇಕು. ಹೆಣ್ಣು ಹೊಲ, ಗಂಡು ಬೀಜ ಎಂದು ನಮ್ಮ ಹಿರಿಯರು ಹೇಳಿದ ಮಾತು ಬಹಳ ಮನೆಗಳನ್ನು ಹಾಳು ಮಾಡಿದೆ. ಭ್ರೂಣವೆಂಬ ಬೀಜದಲ್ಲಿ ಅರ್ಧ ತಾಯಿಯದು, ಅರ್ಧ ತಂದೆಯದು. ಗರ್ಭ ನಿಲ್ಲದಿರುವುದಕ್ಕೆ ಅನೇಕ ಸಲ ಪೊರೆ ಕಾರಣವೇ ಅಲ್ಲ. ಭ್ರೂಣದ ವರ್ಣತಂತುಗಳಲ್ಲಿ ಹುಟ್ಟಿನಿಂದಲೇ ಏರುಪೇರಿದ್ದು, ಅದು ಬೆಳೆಯಲಾರದೆ ನಿಲ್ಲುತ್ತದೆ. ತಾಯಿಯ ವಯಸ್ಸು ಮೂವತ್ತೈದು ದಾಟಿದ ಮೇಲೆ ಇದು ಹೆಚ್ಚು.

ಈ ಹದದ ವಿಚಾರವನ್ನು ನಮ್ಮ ದೇಶದಲ್ಲಿ ಬಹಳ ಮೊದಲೇ ಕಂಡುಕೊಂಡವರು ಕಲ್ಕತ್ತೆಯ ಡಾಕ್ಟರ್ ಸುಭಾಷ್ ಮುಖರ್ಜಿ. ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1978ರ ಜುಲೈ 25ರಂದು. ಅದಾಗಿ ಎಪ್ಪತ್ತೇ ದಿನಕ್ಕೆ, ಅಂದರೆ 1978ರ ಅಕ್ಟೋಬರ್ 3ರಂದು, ಮುಖರ್ಜಿಯವರ ಪ್ರಯತ್ನದಿಂದ ಕಲ್ಕತ್ತೆಯಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಹೆಚ್ಚು ಅಂಡಗಳು ಬೆಳೆಯಲೆಂದು ಅವರು ತಾಯಿಗೆ ಹಾರ್ಮೋನಿನ ಸೂಜಿ ಕೊಟ್ಟಿದ್ದರು. ಇಂತಹ ಸೂಜಿಯಿಂದ ಅಂಡಗಳು ಸಿಗುತ್ತವೆ ನಿಜ, ಆದರೆ ಆ ತಿಂಗಳು ಪೊರೆಯ ಹದ ಕೆಡಬಹುದು; ಭ್ರೂಣಕ್ಕಿಂತ ಮುಂಚೆಯೇ ಪೊರೆ ಪಕ್ವವಾಗಿಬಿಡಬಹುದು. ಆದ್ದರಿಂದ ಅವರು ಅವಸರ ಮಾಡಲಿಲ್ಲ. ಭ್ರೂಣವನ್ನು ಐವತ್ತಮೂರು ದಿನ ಶೀತಲೀಕರಿಸಿ ಇಟ್ಟು, ಸೂಜಿಯಿಲ್ಲದ ಸಹಜ ಋತುಚಕ್ರದಲ್ಲಿ ಗರ್ಭಕೋಶಕ್ಕೆ ಸೇರಿಸಿದರು.

ಯಾರು ನಂಬಿದರು? ಬಂಗಾಳ ಸರಕಾರ ನೇಮಿಸಿದ ಸಮಿತಿ ಅವರ ಮಾತನ್ನು ತಳ್ಳಿಹಾಕಿತು. ನೊಂದ ಆ ಮನುಷ್ಯ 1981ರ ಜೂನ್ 19ರಂದು ಪ್ರಾಣ ಕಳೆದುಕೊಂಡರು. 1986ರ ಆಗಸ್ಟ್ 6ರಂದು ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಡಾಕ್ಟರ್ ಇಂದಿರಾ ಹಿಂದುಜಾ ಅವರ ಚಿಕಿತ್ಸೆಯಿಂದ ಹುಟ್ಟಿದ ಮಗುವೇ ಭಾರತದ ಮೊದಲನೆಯದೆಂದು ದಾಖಲಾಯಿತು. ಆ ಕೆಲಸದಲ್ಲಿ ಜೊತೆಯಾಗಿದ್ದ ವಿಜ್ಞಾನಿ ಟಿ. ಸಿ. ಆನಂದಕುಮಾರ್ ಅವರು ಮುಂದೆ ಮುಖರ್ಜಿಯವರ ಕಾಗದಪತ್ರಗಳನ್ನು ಓದಿ, ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 1997ರಲ್ಲಿ ಬರೆದರು: ಮೊದಲಿಗರು ನಾವಲ್ಲ, ಅವರು ಎಂದು. ತನಗೆ ಬಂದ ಕೀರ್ತಿಯನ್ನು ಸತ್ತವನಿಗೆ ಮರಳಿಸುವ ಮನಸ್ಸು ಎಷ್ಟು ಜನರಿಗಿದ್ದೀತು! ಭ್ರೂಣವನ್ನು ಶೀತಲೀಕರಿಸಿ ಮುಂದಿನ ತಿಂಗಳ ಹದಕ್ಕೆ ಕಾಯುವ ಕ್ರಮ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ಇಲ್ಲಿ ಒಂದು ಮಾತು ಹೇಳದಿದ್ದರೆ ನನ್ನ ಕರ್ತವ್ಯಕ್ಕೆ ಲೋಪ. ದೇಹದ ಹೊರಗೆ ಗರ್ಭಧಾರಣೆ ಮಾಡಿಸುವುದನ್ನು, ಭ್ರೂಣಗಳನ್ನು ಶೀತಲೀಕರಿಸಿ ಇಡುವುದನ್ನು ಧರ್ಮಸಭೆ 1987ರ ಮತ್ತು 2008ರ ಬೋಧನೆಗಳಲ್ಲಿ ಒಪ್ಪಿಲ್ಲ. ಹಾಗೆ ಹುಟ್ಟಿದ ಮಗು ಮಾತ್ರ ಬೇರೆ ಎಲ್ಲ ಮಕ್ಕಳಂತೆಯೇ ದೇವರ ಕೊಡುಗೆ. ಅದರಲ್ಲಿ ಸಂಶಯ ಬೇಡ. ಸಹಜ ಗರ್ಭಧಾರಣೆಗೆ ಇರುವ ಅಡ್ಡಿಯನ್ನು ಔಷಧಿಯಿಂದಲೋ ಶಸ್ತ್ರಕ್ರಿಯೆಯಿಂದಲೋ ತೆಗೆಯುವುದಕ್ಕೆ ಧರ್ಮಸಭೆಯ ಪೂರ್ಣ ಒಪ್ಪಿಗೆಯಿದೆ. ಒಳಪೊರೆಯ ರೋಗಗಳು ಇದೇ ಸಾಲಿಗೆ ಸೇರುತ್ತವೆ.

ಅವುಗಳಲ್ಲಿ ನಮ್ಮ ದೇಶದಲ್ಲಿ ಮುಖ್ಯವಾದುದು ಕ್ಷಯ. ಟಿಬಿ ಎಂದರೆ ಕೆಮ್ಮು ಎಂದಷ್ಟೇ ತಿಳಿದಿದ್ದೇವೆ. ಶ್ವಾಸಕೋಶದಿಂದ ರಕ್ತದ ಮೂಲಕ ರೋಗಾಣು ಗರ್ಭನಾಳಕ್ಕೆ, ಅಲ್ಲಿಂದ ಒಳಪೊರೆಗೆ ಇಳಿಯುತ್ತದೆ. ಕೆಮ್ಮು ಇರುವುದಿಲ್ಲ, ಜ್ವರವೂ ಇಲ್ಲದಿರಬಹುದು. ಮುಟ್ಟು ಕಡಿಮೆಯಾಗುತ್ತಾ ಬರುವುದು, ಕಿಬ್ಬೊಟ್ಟೆ ನೋವು, ಅಥವಾ ಮಕ್ಕಳಾಗದಿರುವುದೊಂದೇ ಲಕ್ಷಣ. ಇಚಲಕರಂಜಿಯ ಮಗ್ಗಗಳ ಸುತ್ತಿನ ಇಕ್ಕಟ್ಟಾದ ಬಾಡಿಗೆ ಕೋಣೆಗಳಂತಹ ಕಡೆ ಒಬ್ಬರ ಕ್ಷಯ ಇನ್ನೊಬ್ಬರಿಗೆ ಹರಡುವುದು ಸುಲಭ. ಮನೆಯಲ್ಲಿ ಯಾರಿಗಾದರೂ ಹಿಂದೆ ಟಿಬಿ ಆಗಿದ್ದರೆ ಡಾಕ್ಟರರಿಗೆ ಮುಚ್ಚಿಡಬೇಡಿ. ಪೊರೆಯ ಚೂರು ತೆಗೆದು ಪರೀಕ್ಷಿಸುತ್ತಾರೆ. ಸರಕಾರಿ ಆಸ್ಪತ್ರೆಯಲ್ಲಿ ಔಷಧಿಗೆ ಹಣವಿಲ್ಲ, ಸಾಮಾನ್ಯವಾಗಿ ಆರು ತಿಂಗಳ ಗುಳಿಗೆ. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರ ನವೆಂಬರಿನಿಂದ 1,000ಕ್ಕೆ ಏರಿಸಲಾಗಿದೆ. ಬೇಗ ತಿಳಿದರೆ ಪೊರೆ ಉಳಿಯುತ್ತದೆ. ತಡವಾದರೆ ಒಳಗೋಡೆಗಳು ಗಾಯ ಕಟ್ಟಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ ಗುಳಿಗೆಯಿಂದ ಕ್ಷಯ ವಾಸಿಯಾದರೂ ಪೊರೆ ಮರಳುವುದು ಕಷ್ಟ.

ಗರ್ಭಪಾತದ ನಂತರ ಪದೇ ಪದೇ ಕ್ಯೂರೆಟಿಂಗ್ ಮಾಡಿಸಿಕೊಂಡವರಲ್ಲಿಯೂ ಹೀಗೆ ಅಂಟು ಬೀಳಬಹುದು. ದುರ್ಬೀನು ಹಾಕಿ ನೋಡಿ ಅಂಟು ಬಿಡಿಸುವ ಶಸ್ತ್ರಕ್ರಿಯೆ ಇದೆ. ಎಮ್ಮೆ ಮೂರು ಸಲ ಸೂಜಿ ಹಾಕಿಸಿದರೂ ಗಬ್ಬ ನಿಲ್ಲದಿದ್ದರೆ, ಬೆದೆಯ ಲೋಳೆಯಲ್ಲಿ ಕೀವಿದೆಯೇ ಎಂದು ದನದ ಡಾಕ್ಟರು ಮೊದಲು ನೋಡುತ್ತಾರೆ, ನಾವೂ ಕೂಡಲೇ ಔಷಧಿ ಹಾಕಿಸುತ್ತೇವೆ. ಮನೆಯ ಹೆಣ್ಣುಮಗಳಿಗೆ ಬಿಳಿಸೆರಗು, ವಾಸನೆ ಎಂದರೆ ಮಾತ್ರ ವರ್ಷಗಟ್ಟಲೆ ಕೇಳುವವರಿಲ್ಲ.

ಇನ್ನು ಹಣದ ಮಾತು. ಸೋನೋಗ್ರಫಿಯಲ್ಲಿ ಪೊರೆ ಏಳು ಮಿಲಿಮೀಟರಿಗಿಂತ ತೆಳುವಿದ್ದರೆ ಗರ್ಭ ನಿಲ್ಲುವ ಸಂಭವ ಕಡಿಮೆ ಎನ್ನುತ್ತಾರೆ. ಅದಕ್ಕಿಂತ ತೆಳುವಾದ ಪೊರೆಯಲ್ಲೂ ಮಕ್ಕಳು ಹುಟ್ಟಿದ್ದುಂಟು. ಈ ಹೆದರಿಕೆಯ ಮೇಲೆ ಕೆಲವೆಡೆ ಹೆಚ್ಚಿನ ಚಿಕಿತ್ಸೆಗಳನ್ನು ಮಾರುತ್ತಾರೆ. ಪೊರೆಯನ್ನು ಸ್ವಲ್ಪ ಗೀರಿದರೆ ಭ್ರೂಣ ಚೆನ್ನಾಗಿ ಹಿಡಿಯುತ್ತದೆ ಎಂಬುದು ಅವುಗಳಲ್ಲೊಂದು. ನ್ಯೂಜಿಲೆಂಡ್ ಮೊದಲಾದ ಐದು ದೇಶಗಳ 1,364 ಮಹಿಳೆಯರಲ್ಲಿ ಇದನ್ನು ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಗೀರಿದವರಲ್ಲಿ ಮಗು ಹುಟ್ಟಿದ್ದು ನೂರಕ್ಕೆ 26.1, ಗೀರದವರಲ್ಲಿ ಹುಟ್ಟಿದ್ದೂ 26.1. ಪೊರೆಯ ಚೂರಿನಿಂದ ಹದದ ಗಳಿಗೆ ಕಂಡುಹಿಡಿಯುವ ದುಬಾರಿ ಪರೀಕ್ಷೆಯಿಂದಲೂ ಲಾಭ ಕಾಣಲಿಲ್ಲವೆಂದು 2022ರ ಅಮೆರಿಕದ ದೊಡ್ಡ ಅಧ್ಯಯನ ತಿಳಿಸಿತು. ಆದ್ದರಿಂದ ಹೊಸ ಪರೀಕ್ಷೆಗೆ ದುಡ್ಡು ಕೇಳಿದಾಗ, ಇದರಿಂದ ಹೆಚ್ಚು ಮಕ್ಕಳು ಹುಟ್ಟಿವೆಯೇ ಎಂದು ಕೇಳಿರಿ. ಹೊಲ ಒತ್ತೆ ಇಡುವ ಮೊದಲಂತೂ ಕೇಳಲೇಬೇಕು. 2021ರ ಕಾಯಿದೆಯ ಪ್ರಕಾರ ಇಂತಹ ಪ್ರತಿಯೊಂದು ಚಿಕಿತ್ಸಾಲಯ ನೋಂದಣಿ ಮಾಡಿಸಿರಬೇಕು. ಆ ಪ್ರಮಾಣಪತ್ರವನ್ನು ತೋರಿಸಿರೆಂದು ಕೇಳಲು ಸಂಕೋಚ ಬೇಡ.

ಡಾಕ್ಟರರ ಬಳಿ ಹೋಗುವಾಗ ಗಂಡನೂ ಜೊತೆಗೆ ಹೋಗಲಿ. ಅವನ ವೀರ್ಯ ಪರೀಕ್ಷೆಗೆ ಖರ್ಚು ಕಡಿಮೆ, ನೋವೂ ಇಲ್ಲ. ಹೆಂಡತಿಯ ಗರ್ಭಕೋಶಕ್ಕೆ ದುರ್ಬೀನು ಹಾಕುವ ಮೊದಲೇ ಅದು ಮುಗಿದಿರಬೇಕು. ಹಿಂದೆ ಆದ ಗರ್ಭಪಾತ, ಕ್ಯೂರೆಟಿಂಗ್, ಟಿಬಿ ಔಷಧಿಯ ಹಳೆಯ ಚೀಟಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿರಿ.