ಗಿಡ ಸತ್ತಿಲ್ಲ, ಮಲಗಿದೆ!

ಡಿಸೆಂಬರ್ ಬಂತೆಂದರೆ ದಾವಣಗೆರೆಯ ಬಡಾವಣೆಗಳಲ್ಲಿ ಒಂದು ಕೆಲಸ ನಡೆಯುತ್ತದೆ. ಮಳೆಗಾಲವಿಡೀ ಕೆಂಪು, ಬಿಳಿ, ಗುಲಾಬಿ ಬಣ್ಣದ ಎಲೆ ಬಿಟ್ಟು ಮೆರೆದ ಬಣ್ಣದ ಕೆಸುವಿನ ಕುಂಡಗಳು ಆಗ ಬರಿದಾಗಿರುತ್ತವೆ. ಎಲೆ ಹಳದಿಯಾಗಿ, ದಂಟು ಬಾಗಿ, ಕೊನೆಗೆ ಮಣ್ಣು ಮಾತ್ರ ಉಳಿಯುತ್ತದೆ. ‘ಗಿಡ ಸತ್ತುಹೋಯಿತು’ ಎಂದು ಮನೆಯವರು ಮಣ್ಣನ್ನು ಬೀದಿ ಬದಿಗೆ ಸುರಿದು ಕುಂಡವನ್ನು ಬೋರಲು ಹಾಕುತ್ತಾರೆ. ಮಣ್ಣಿನ ಜೊತೆ ಜೀವಂತ ಗಡ್ಡೆಯೂ ಹೋಗುತ್ತದೆ. ಜೂನ್ ಬಂದಾಗ ನರ್ಸರಿಗೆ ಹೋಗಿ ಅದೇ ಗಿಡವನ್ನು ಮತ್ತೆ ದುಡ್ಡು ಕೊಟ್ಟು ತರುತ್ತಾರೆ.

ನರ್ಸರಿಯವರು ಕೆಲೇಡಿಯಂ ಎನ್ನುವ ಈ ಗಿಡದ ತವರು ದಕ್ಷಿಣ ಅಮೆರಿಕದ ಕಾಡು. ಅಲ್ಲಿ ಮಳೆ ನಿಂತು ನೆಲ ಒಣಗಿದಾಗ ಅದು ಎಲೆಗಳನ್ನೆಲ್ಲ ಕಳಚಿ, ಆಹಾರವನ್ನು ಗಡ್ಡೆಯಲ್ಲಿ ಕೂಡಿಟ್ಟುಕೊಂಡು ಮಲಗುತ್ತದೆ. ಹಿಂಗಾರು ಮುಗಿದು ಚಳಿ ಬಿದ್ದೊಡನೆ ನಮ್ಮೂರಿನಲ್ಲೂ ಅದೇ ಅಭ್ಯಾಸ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದವರಿಗೆ ಇದು ಬೇಗ ಅರ್ಥವಾಗುತ್ತದೆ: ವ್ಯವಹಾರ ನಿಂತ ಖಾತೆ ಬೇರೆ, ಮುಚ್ಚಿದ ಖಾತೆ ಬೇರೆ.

ಎಲೆ ಹಳದಿಯಾಗತೊಡಗಿದಾಗ ನೀರು ಕಡಿಮೆ ಮಾಡಿ, ಪೂರ್ತಿ ಒಣಗಿದ ಮೇಲೆ ನಿಲ್ಲಿಸಿ. ಕುಂಡವನ್ನು ಮೆಟ್ಟಿಲ ಕೆಳಗೆ ಸರಿಸಿ, ಮೇಲೆ ಒಂದು ಚೀಟಿ ಅಂಟಿಸಿ. ಮನೆಗೆಲಸದವರು ಚೆಲ್ಲದಿರಲೆಂದು ಈ ಚೀಟಿ. ಬರೆಯುವ ಕೆಲಸ ಮೊಮ್ಮಕ್ಕಳದು. ಮೇ ತಿಂಗಳಲ್ಲಿ ಒಂದೆರಡು ಅಡ್ಡಮಳೆ ಬಿದ್ದ ಮೇಲೆ ಗಡ್ಡೆ ತೆಗೆದು, ಕೊಳೆತದ್ದನ್ನು ಬಿಸಾಡಿ, ಗಟ್ಟಿಯಾದದ್ದನ್ನು ಕಣ್ಣು ಮೇಲಾಗಿ ಎರಡು ಅಂಗುಲ ಆಳದಲ್ಲಿ ನೆಡಿ. ಚಿಗುರು ಕಾಣುವ ತನಕ ಮಣ್ಣು ಸ್ವಲ್ಪ ತೇವವಿದ್ದರೆ ಸಾಕು. ಆತುರಪಟ್ಟು ನೀರು ಸುರಿದರೆ ಗಡ್ಡೆ ಕೊಳೆಯುತ್ತದೆ.

ವಿದೇಶದಲ್ಲಿ ಮಕ್ಕಳಿರುವ ಅಜ್ಜ ಅಜ್ಜಿಯರು ಅಲ್ಲಿನ ಹಿತ್ತಿಲಲ್ಲಿ ಹೋಸ್ಟಾ ಎಂಬ ನೆರಳಿನ ಗಿಡ ನೋಡಿರಬಹುದು. ಅದೂ ಹೀಗೇ ಮಲಗಿ ಏಳುವ ಗಿಡ. ಆದರೆ ಅದರ ನಿದ್ದೆಗೆ ವಾರಗಟ್ಟಲೆ ಕೊರೆಯುವ ಚಳಿ ಬೇಕು. ಅದನ್ನು ದಾವಣಗೆರೆಯಲ್ಲಿ ಎಲ್ಲಿಂದ ತರೋಣ? ಆ ಆಸೆ ಬಿಡುವುದೇ ಲೇಸು.

ಇನ್ನು ನೆರಳಿನ ಮಾತು. ನೆರಳೆಂದರೆ ಕತ್ತಲೆಯಲ್ಲ. ಇದನ್ನು ನಮ್ಮ ಸೀಮೆಯ ಎಲೆಬಳ್ಳಿ ತೋಟದವರಷ್ಟು ಚೆನ್ನಾಗಿ ಬಲ್ಲವರಿಲ್ಲ. ವೀಳ್ಯದೆಲೆಯೂ ನೆರಳು ಬೇಡುವ, ವರ್ಷಾನುಗಟ್ಟಲೆ ಬಾಳುವ ಬಳ್ಳಿ. ಅವರು ಮೊದಲು ನುಗ್ಗೆ, ಚೊಗಚೆಯಂಥ ಮರ ಎಬ್ಬಿಸಿ, ಆಮೇಲೆ ಅದರ ಬುಡಕ್ಕೆ ಬಳ್ಳಿ ಹಚ್ಚುತ್ತಾರೆ. ಸಣ್ಣ ಎಲೆಯ ಆ ಮರಗಳಡಿ ನಡುಮಧ್ಯಾಹ್ನವೂ ಬಿಸಿಲು ಚುಕ್ಕಿ ಚುಕ್ಕಿಯಾಗಿ ಇಳಿಯುತ್ತದೆ. ನಿಮ್ಮ ಕುಂಡಗಳಿಗೂ ಬೇಕಾದ್ದು ಅಂಥ ಬೆಳಕು. ಹರಿಹರದ ಹಳೆಯ ಹಿತ್ತಿಲುಗಳಲ್ಲಿ ತೆಂಗು ಮಾವಿನ ಅಡಿಯಲ್ಲಿ ಅದು ತಾನಾಗಿ ಸಿಗುತ್ತದೆ. 30-40ರ ಸೈಟಿನಲ್ಲಿ ಮನೆ ಕಟ್ಟಿಕೊಂಡ ನಮ್ಮಂಥವರು ಪೂರ್ವದ ಗೋಡೆ ಹುಡುಕಬೇಕು, ಇಲ್ಲವೇ ಹಸಿರು ಬಲೆ ಕಟ್ಟಬೇಕು.

ಮಕ್ಕಳೇ, ಜಾಗ ಸರಿಯಿದೆಯೇ ಎಂದು ನೀವೇ ನೋಡಬಹುದು. ಮಧ್ಯಾಹ್ನ ಹನ್ನೆರಡಕ್ಕೆ ಕುಂಡದ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ಬೆರಳುಗಳ ನೆರಳು ಸ್ಪಷ್ಟವಾಗಿ ಬಿದ್ದರೆ ಬಿಸಿಲು ಹೆಚ್ಚು. ಮಸುಕಾಗಿ ಬಿದ್ದರೆ ಸರಿ. ಏನೂ ಬೀಳದಿದ್ದರೆ ಅಲ್ಲಿ ಬೆಳಕು ಸಾಲದು. ಎಲೆಯ ಬಿಳಿ ಭಾಗದಲ್ಲಿ ಪತ್ರಹರಿತ್ತು ಇಲ್ಲದಿರುವುದರಿಂದ ಅಲ್ಲಿ ಆಹಾರ ತಯಾರಾಗುವುದಿಲ್ಲ, ಸುಡುವುದೂ ಅಲ್ಲೇ ಮೊದಲು. ಕತ್ತಲೆ ಮೂಲೆಯಲ್ಲಿಟ್ಟ ಮನಿ ಪ್ಲಾಂಟ್ ಬಿಳಿ ಹಳದಿ ಪಟ್ಟೆ ಕಳೆದುಕೊಂಡು ಬರೀ ಹಸಿರಾಗುವುದನ್ನು ಗಮನಿಸಿದ್ದೀರಾ? ಇರುವ ಕೊಂಚ ಬೆಳಕಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳಲು ಹಸಿರೆಲೆಯೇ ಅದಕ್ಕೆ ಅನುಕೂಲ.

ಮಾರ್ಚ್‌ನಿಂದ ಮೇವರೆಗೆ ಇಲ್ಲಿಯ ಬಿಸಿಲು 40 ಡಿಗ್ರಿಯ ಹತ್ತಿರ ಹೋಗುತ್ತದೆ. ಆಗ ಬಿಸಿಲಿನಷ್ಟೇ ಒಣಗಾಳಿಯೂ ವೈರಿ. ಕುಂಡಗಳನ್ನು ಒಂದಕ್ಕೊಂದು ಒತ್ತಾಗಿ ಜೋಡಿಸಿದರೆ ಎಲೆಗಳ ನಡುವೆ ತೇವ ನಿಲ್ಲುತ್ತದೆ.

ನೀರಿನ ಬಗ್ಗೆಯಂತೂ ಹೇಳಲೇಬೇಕು. ಕೊಳವೆಬಾವಿಯ ಗಡಸು ನೀರು ಹಾಕುತ್ತ ಹೋದರೆ ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟಿ, ಎಲೆಯ ತುದಿ ಕಂದಾಗುತ್ತದೆ. ಅದನ್ನು ರೋಗವೆಂದು ತಿಳಿದು ಔಷಧಿ ಹೊಡೆಯುವವರಿದ್ದಾರೆ; ಅದು ಉಪ್ಪಿನ ಕಾಟ. ಮನೆಯ ಆರ್‌ಓ ಯಂತ್ರ ಹೊರಹಾಕುವ ನೀರಿನಲ್ಲಿ ಉಪ್ಪು ಇನ್ನೂ ಹೆಚ್ಚು. ಉಳಿತಾಯದ ಹೆಸರಿನಲ್ಲಿ ಅದನ್ನು ಈ ಗಿಡಗಳಿಗೆ ಸುರಿಯಬೇಡಿ, ನೆಲ ಒರೆಸಿ. ನದಿಯ ನಲ್ಲಿ ನೀರು, ಹಿಡಿದಿಟ್ಟ ಮಳೆನೀರು, ಎಸಿಯಿಂದ ತೊಟ್ಟಿಕ್ಕುವ ನೀರು, ಅಕ್ಕಿ ತೊಳೆದ ನೀರು ಒಳ್ಳೆಯವು.

ಮಣ್ಣಿಗೆ ಬರಿಯ ಎರೆಮಣ್ಣು ಬೇಡ, ನೀರು ಕಟ್ಟಿಕೊಂಡು ಬೇರು ಕೊಳೆಯುತ್ತದೆ. ಕೆಂಪು ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ, ಭತ್ತದ ಹೊಟ್ಟು ಬೆರೆಸಿ. ಅಕ್ಕಿ ಗಿರಣಿಗಳಿರುವ ನಮ್ಮೂರಿನಲ್ಲಿ ಹೊಟ್ಟಿಗೇನು ಬರವೇ!

ಕೊನೆಯದಾಗಿ, ಪುಟ್ಟ ಮಕ್ಕಳಿರುವ ಮನೆಯವರು ಗಮನಿಸಬೇಕಾದ್ದು. ಬಣ್ಣದ ಕೆಸು, ಮನಿ ಪ್ಲಾಂಟ್, ಬಿಳಿ ಮಚ್ಚೆಯ ದೊಡ್ಡ ಎಲೆಯ ಡಿಫನ್‌ಬೇಕಿಯಾ ಇವುಗಳ ಎಲೆ ದಂಟಿನಲ್ಲಿ ಸೂಜಿಯಂಥ ಸೂಕ್ಷ್ಮ ಹರಳುಗಳಿವೆ. ಅಗಿದರೆ ಬಾಯಿ ಉರಿದು ನಾಲಿಗೆ ಊದಿಕೊಳ್ಳುತ್ತದೆ, ಮಾತೇ ಹೊರಡದಂತಾಗಬಹುದು. ಪತ್ರೊಡೆಯ ಕೆಸುವಿಗೂ ಇದಕ್ಕೂ ನೆಂಟಸ್ತಿಕೆಯಿದೆ, ಆದರೆ ಬಣ್ಣದ ಕೆಸು ಅಡುಗೆಗೆ ಸಲ್ಲದು. ಅಂಬೆಗಾಲಿಡುವ ಕೂಸಿರುವ ಮನೆಯಲ್ಲಿ ಈ ಕುಂಡಗಳು ಎತ್ತರದಲ್ಲಿರಲಿ. ಕೂಸು ಕಚ್ಚಿದ್ದು ಕಂಡರೆ ಬಾಯಿ ಒರೆಸಿ ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಎಲೆ ಕತ್ತರಿಸಿದ ಮೇಲೆ ದೊಡ್ಡವರೂ ಸೋಪು ಹಾಕಿ ಕೈ ತೊಳೆಯಬೇಕು; ಅದೇ ಕೈಯಲ್ಲಿ ಕಣ್ಣುಜ್ಜಿಕೊಳ್ಳಬಾರದು.