ತುರುಗೋಳಿನ ಕಲ್ಲಿನಿಂದ ಲಗ್ಗೆಯ ತಲೆಬರಹದವರೆಗೆ

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ತಳದ ಪಟ್ಟಿಕೆಯಲ್ಲಿ ಕಾಳಗ: ಬಿಲ್ಲು ಸೆಳೆದವನು, ಕತ್ತಿ ಎತ್ತಿದವನು, ಕಾಲಡಿಗೆ ಬಿದ್ದವನು. ನಡುವಿನ ಪಟ್ಟಿಕೆಯಲ್ಲಿ ಸತ್ತ ವೀರನನ್ನು ಅಪ್ಸರೆಯರು ತೋಳು ಹಿಡಿದು ಕರೆದೊಯ್ಯುತ್ತಾರೆ. ತುದಿಯಲ್ಲಿ ಅವನು ಲಿಂಗದ ಸನ್ನಿಧಿಯಲ್ಲಿ ಕುಳಿತಿದ್ದಾನೆ, ನೆತ್ತಿಯ ಮೇಲೆ ಸೂರ್ಯಚಂದ್ರರು. ತಳದ ಪಟ್ಟಿಕೆಯ ಮೂಲೆಯನ್ನು ಬಗ್ಗಿ ನೋಡಿದರೆ ಹಲವು ಕಲ್ಲುಗಳಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತ ಹಸುಗಳು ಕಾಣುತ್ತವೆ. ಹಸು ಕಂಡರೆ ಅದು ತುರುಗೋಳಿನ ಕಲ್ಲು.

ತುರು ಎಂದರೆ ದನ, ಕೊಳ್ಳುವುದೆಂದರೆ ಕಿತ್ತುಕೊಳ್ಳುವುದು. ಇದ್ದಕ್ಕಿದ್ದಂತೆ ಬಂದು ಮೇಲೆ ಬೀಳುವ ದಾಳಿಗೆ ಹಳಗನ್ನಡದಲ್ಲಿದ್ದ ಹೆಸರುಗಳಲ್ಲಿ ಇದು ಮುಖ್ಯವಾದದ್ದು. ದನವನ್ನೇ ಏಕೆ ಹೊಡೆಯುತ್ತಿದ್ದರು ಎಂದರೆ, ಧಾನ್ಯವನ್ನು ಹೊರಬೇಕು, ಹೊನ್ನನ್ನು ಹುಡುಕಿ ಅಗೆಯಬೇಕು, ದನವಾದರೋ ಕಾಲ ಮೇಲೆ ತಾನೇ ನಡೆದುಬರುವ ಸಂಪತ್ತು. ಅದು ಮೇಯುವುದೂ ಊರಾಚೆ, ನಾಲ್ಕಾರು ಗೋವಳರ ಕಾವಲಿನಲ್ಲಿ. ಕೂಗು ಊರು ಮುಟ್ಟುವ ಹೊತ್ತಿಗೆ ಹಿಂಡು ಗಡಿ ದಾಟಿರುತ್ತಿತ್ತು. ಆಗ ಸೈನ್ಯ ಕೂಡಿಸಿಕೊಂಡು ಕೂರಲು ಸಮಯವೆಲ್ಲಿ? ಕೈಗೆ ಸಿಕ್ಕ ಆಯುಧ ಹಿಡಿದು ಓಡಿದವರೇ ಆ ಕಲ್ಲುಗಳ ವೀರರು. ದನವನ್ನು ಮರಳಿ ತಂದು ಸತ್ತನೆಂದು ಶಾಸನ ಹೇಳುತ್ತದೆ. ಸಾವು ಬರೆದಷ್ಟೇ ಮುತುವರ್ಜಿಯಿಂದ ದನ ಮರಳಿದ್ದನ್ನೂ ಬರೆಯುತ್ತದೆ.

ಇದೇ ಶಾಸನಗಳಲ್ಲಿ ಇನ್ನೆರಡು ಮಾತು ಸಿಗುತ್ತವೆ. ಊರಳಿವು ಎಂದರೆ ಊರು ಹಾಳಾದದ್ದು. ಪೆಣ್ಬುಯ್ಯಲ್ ಎಂದರೆ ಹೆಣ್ಣಿನ ಮೊರೆ, ಹೆಣ್ಣಿನ ಮೇಲೆ ಕೈಮಾಡಿದಾಗ ಎದ್ದ ಹುಯ್ಯಲು. ಈ ಮೂರು ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಬಂದವನ ವೇಗ, ಜಾಣ್ಮೆ, ಪರಾಕ್ರಮ ಯಾವುದಕ್ಕೂ ಇಲ್ಲಿ ಜಾಗವಿಲ್ಲ. ದನ, ಊರು, ಹೆಣ್ಣು ಎಂದು ಏನಕ್ಕೆ ಕುತ್ತು ಬಂತೋ ಅದರ ಹೆಸರಿನಿಂದಲೇ ದಾಳಿಯನ್ನು ಕರೆದಿದ್ದಾರೆ. ದಾಳಿಗೆ ಒಳಗಾದವರು ಕಟ್ಟಿಕೊಂಡ ಶಬ್ದಕೋಶ ಇದು.

ಬೆಂಗಳೂರಿನ ಹೆಬ್ಬಾಳದಲ್ಲಿ ಸಿಕ್ಕಿರುವ ವೀರಗಲ್ಲು ಗಂಗರ ಶ್ರೀಪುರುಷನ ಆಳ್ವಿಕೆಯದು, ಸುಮಾರು ಕ್ರಿ.ಶ. 750ರದು. ಹೊರಗಿನವರು ಏರಿಬಂದಾಗ ಕಾದಾಡಿ ಸತ್ತ ಕಿತ್ತಯ್ಯ ಎಂಬವನಿಗಾಗಿ ನಿಲ್ಲಿಸಿದ್ದು. ಇಂದು ಮೇಲ್ಸೇತುವೆಗಳ ಗದ್ದಲವಿರುವ ಕಡೆ ಅಂದು ಒಂದು ಊರು ತನ್ನ ಸತ್ತ ಮಗನ ಹೆಸರನ್ನು ಕಲ್ಲಿಗೆ ಒಪ್ಪಿಸಿತ್ತು. ಹೀಗೆ ಕಾದಾಡಿದವರಿಗೆ, ಸತ್ತರೆ ಅವರ ಮನೆಯವರಿಗೆ, ಭೂಮಿ ಬಿಡುವ ಪದ್ಧತಿಯೂ ಇತ್ತು. ಅದಕ್ಕೆ ನೆತ್ತರುಗೊಡಗೆ, ಬಾಳ್ಗಳ್ಚು, ಕಲ್ನಾಡು ಎಂಬ ಹೆಸರುಗಳಿದ್ದವು. ಹಲ್ಮಿಡಿ ಶಾಸನ ಹೇಳುವುದೂ ಇಂಥದೇ ಒಂದು ಬಾಳ್ಗಳ್ಚು ದತ್ತಿಯನ್ನು.

ತುರುಗೋಳು ಹೊಟ್ಟೆಪಾಡಿನ ಕಳ್ಳತನ ಮಾತ್ರವಾಗಿರಲಿಲ್ಲ. ಅದು ಯುದ್ಧದ ಪೀಠಿಕೆಯೂ ಆಗಿತ್ತು. ವಿರಾಟಪರ್ವದ ಗೋಗ್ರಹಣವನ್ನು ಯಕ್ಷಗಾನದಲ್ಲಿ ನೋಡಿದವರಿಗೆ ಉತ್ತರಕುಮಾರನ ಜಂಬವೇ ಹೆಚ್ಚು ನೆನಪಿರುತ್ತದೆ. ಆದರೆ ಅದರೊಳಗಿನ ಯುದ್ಧತಂತ್ರ ಗಮನಿಸಬೇಕಾದ್ದು. ಮೊದಲು ಸುಶರ್ಮ ದಕ್ಷಿಣದಲ್ಲಿ ದನ ಹಿಡಿಯುತ್ತಾನೆ. ವಿರಾಟ ಸೈನ್ಯಸಮೇತ ಅತ್ತ ಓಡುತ್ತಾನೆ. ಊರು ಬರಿದಾದ ಮೇಲೆ ಕೌರವರು ಉತ್ತರದಲ್ಲಿ ಕೈಹಾಕುತ್ತಾರೆ. ಸುದ್ದಿ ಹೊತ್ತು ಅರಮನೆಗೆ ಓಡಿಬಂದವನು ಇಲ್ಲಿಯೂ ಗೋವಳನೇ.

ದನ ಹಿಡಿಯುವುದನ್ನು ಸಹಿಸಿಕೊಂಡ ಮಹಾಭಾರತ, ಮಲಗಿದವರ ಮೇಲೆ ಬೀಳುವುದನ್ನು ಸಹಿಸಲಿಲ್ಲ. ರಾತ್ರಿ ಆಲದ ಮರದಲ್ಲಿ ಗೂಬೆಯೊಂದು ನಿದ್ದೆಯಲ್ಲಿದ್ದ ಕಾಗೆಗಳನ್ನು ಕೊಲ್ಲುವುದನ್ನು ಅಶ್ವತ್ಥಾಮ ನೋಡುತ್ತಾನೆ. ಅದೇ ಅವನಿಗೆ ಪಾಠ. ಪಾಂಡವರ ಬೀಡಿಗೆ ನುಗ್ಗಿ ದ್ರೌಪದಿಯ ಐದು ಮಕ್ಕಳನ್ನೂ ಧೃಷ್ಟದ್ಯುಮ್ನನನ್ನೂ ಕೊಲ್ಲುತ್ತಾನೆ. ಸೌಪ್ತಿಕ ಎಂಬ ಪರ್ವದ ಹೆಸರೇ ಆ ರಾತ್ರಿಯ ನಿದ್ದೆಯಿಂದ ಬಂದದ್ದು. ಕೌಟಿಲ್ಯನಿಗೆ ಈ ಸಂಕಟವಿಲ್ಲ. ಹೊತ್ತು, ಜಾಗ ಸಾರಿ ಮಾಡುವುದು ಪ್ರಕಾಶಯುದ್ಧ. ಬೆದರಿಸಿ, ಮೈಮರೆತಾಗ ಮೇಲೆ ಬಿದ್ದು, ಒಂದೆಡೆ ಹಿಂಜರಿದು ಇನ್ನೊಂದೆಡೆ ಹೊಡೆಯುವುದು ಕೂಟಯುದ್ಧ. ಗೂಢಚಾರರ ಮೂಲಕ ನಡೆಸುವುದು ತೂಷ್ಣೀಂಯುದ್ಧ ಎಂದು ಅರ್ಥಶಾಸ್ತ್ರ ತಣ್ಣಗೆ ವಿಂಗಡಿಸುತ್ತದೆ.

ಆಡುಮಾತಿನ ಕನ್ನಡ ಬೇರೆ ದಾರಿ ಹಿಡಿಯಿತು. ಬೇಟೆಗಾರನ ನೋಟದಿಂದ ಅದು ದಾಳಿಯನ್ನು ಬಿಡಿಬಿಡಿಯಾಗಿ ನೋಡಿತು. ಹೊಂಚು ಎಂದರೆ ಉಸಿರು ಬಿಗಿಹಿಡಿದು ಕಾಯುವ ಹೊತ್ತು, ಬಿಲದ ಮುಂದೆ ಕೂತ ಬೆಕ್ಕಿನದು. ಆಮೇಲಿನದು ಎರಗುವುದು. ದೇವರ ಪಾದಕ್ಕೂ ಎರಗುತ್ತೇವೆ, ಹದ್ದು ಕೋಳಿಮರಿಯ ಮೇಲೂ ಎರಗುತ್ತದೆ. ಜೇನ್ನೊಣ ಮುತ್ತುತ್ತದೆ. ಮೋಡ ಕವಿದಂತೆ ಸೈನ್ಯವೂ ಕವಿಯುತ್ತದೆ. ಅರಣ್ಯದಲ್ಲಿ ಅಡಗಿ ಕಾದು ಗುಂಡು ಹಾರಿಸಿದ ಸುದ್ದಿಗೆ ಪತ್ರಿಕೆಗಳು ಬಳಸುವ ಹೊಂಚುದಾಳಿ, ಹಳೆಯ ಬೇಟೆಯ ಮಾತಿಗೆ ದಾಳಿಯನ್ನು ಜೋಡಿಸಿ ಮಾಡಿಕೊಂಡ ಒಳ್ಳೆಯ ಪದ.

ಮರಾಠರ ಕುದುರೆಗಳ ಜೊತೆ ಮತ್ತಷ್ಟು ಮಾತುಗಳು ಈ ನೆಲದಲ್ಲಿ ಓಡಾಡಿದವು. ಅಹಮದ್‌ನಗರದ ಮಲಿಕ್ ಅಂಬರ್ ಬೆಳೆಸಿದ, 1663ರಲ್ಲಿ ಪುಣೆಯ ಲಾಲ್ ಮಹಲಿನಲ್ಲಿ ಶಾಯಿಸ್ತಾಖಾನನ ಮೇಲೆ ರಾತ್ರೋರಾತ್ರಿ ಎರಗಿ ಶಿವಾಜಿ ಜಗತ್ತಿಗೆ ತೋರಿಸಿದ ತಂತ್ರಕ್ಕೆ ಮರಾಠಿಯಲ್ಲಿ ಗನೀಮಿ ಕಾವಾ ಎನ್ನುತ್ತಾರೆ. ಅವರ ಹಲ್ಲಾ ನಮ್ಮಲ್ಲಿ ಹಲ್ಲೆಯಾಗಿ ಪೊಲೀಸ್ ಠಾಣೆ, ಕೋರ್ಟು ಸೇರಿತು. ಅವರ ಛಾಪಾ ಮಾತ್ರ ನಮ್ಮಲ್ಲಿ ದಾಳಿಯ ಅರ್ಥ ಬಿಟ್ಟು ಛಾಪಾ ಕಾಗದದಲ್ಲಿ ಉಳಿಯಿತು.

ಸಂಗೊಳ್ಳಿ ರಾಯಣ್ಣನ ಹೋರಾಟವನ್ನು ಇಂದು ಗೆರಿಲ್ಲಾ ಎನ್ನುತ್ತೇವೆ. 1808ರ ನಂತರ ನೆಪೋಲಿಯನ್ನನ ಸೈನ್ಯದ ವಿರುದ್ಧ ಸ್ಪೇನಿನ ಹಳ್ಳಿಗರು ನಡೆಸಿದ ಸಣ್ಣಸಣ್ಣ ಕಾಳಗಗಳಿಂದ ಜಗತ್ತಿಗೆ ಹಬ್ಬಿದ ಪದ ಅದು. ಕಿತ್ತೂರು ಸೋತ ಮೇಲೆ ರಾಯಣ್ಣ ಕಾಡಿನಲ್ಲಿ ಜನ ಕೂಡಿಸಿ ಕುಂಪಣಿಯ ಕಚೇರಿಗಳ ಮೇಲೆ ಬಿದ್ದ, ಖಜಾನೆ ಎತ್ತಿದ, ದಫ್ತರಗಳಿಗೆ ಬೆಂಕಿ ಇಟ್ಟ. ಆ ದಫ್ತರದಲ್ಲಿದ್ದದ್ದು ರೈತನ ಹೊಲದ ಲೆಕ್ಕ. ಸುಡಬೇಕಾದ್ದು ಯಾವುದೆಂದು ಅವನಿಗೆ ಸರಿಯಾಗಿ ಗೊತ್ತಿತ್ತು. 1831ರ ಜನವರಿ 26ರಂದು ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು.

ಇನ್ನು ಲಗ್ಗೆ. ಇದು ಕೋಟೆಯ ಮಾತು. ಏಣಿ ಹಾಕಿ, ಗೋಡೆ ಹತ್ತಿ, ಬೊಬ್ಬಿಟ್ಟು ನುಗ್ಗುವುದು ಲಗ್ಗೆ. ಚಿತ್ರದುರ್ಗದ ಕಿಂಡಿಯಲ್ಲಿ ಹೈದರನ ಆಳುಗಳು ಒಬ್ಬೊಬ್ಬರಾಗಿ ತೆವಳಿ ಬಂದದ್ದು ಲಗ್ಗೆಯಲ್ಲ, ಅದು ನುಸುಳುವಿಕೆ. ಸದ್ದಿಲ್ಲದೆ ಬಂದವರನ್ನು ಓಬವ್ವ ಒನಕೆಯಿಂದ ಸದ್ದಿಲ್ಲದೆಯೇ ಮುಗಿಸಿದಳೆಂದು ದುರ್ಗದವರು ಹೇಳುತ್ತಾರೆ.

ಇಂದು ಲಗ್ಗೆಗೆ ಕೋಟೆ ಬೇಕಿಲ್ಲ. ತಂಡ ಫೈನಲ್‌ಗೆ ಲಗ್ಗೆ ಇಡುತ್ತದೆ, ಮೊಬೈಲು ಮಾರುಕಟ್ಟೆಗೆ ಲಗ್ಗೆ ಇಡುತ್ತದೆ, ಏಪ್ರಿಲ್ ಬಂದರೆ ಮಾವೂ ಇಡುತ್ತದೆ. ಆಟದಲ್ಲಿ ಎದುರಾಳಿಯಿದ್ದಾನೆ, ಗೆಲುವಿದೆ, ಆದ್ದರಿಂದ ಫೈನಲ್ಲಿನ ಲಗ್ಗೆ ನನಗೆ ಒಪ್ಪಿಗೆ. ಆದರೆ ಸಕಲೇಶಪುರದ ಕಡೆ ಗದ್ದೆಗೆ ಕಾಡಾನೆ ಲಗ್ಗೆ ಎಂದು ಬರೆದಾಗ ಬೇಸರವಾಗುತ್ತದೆ. ಅಲ್ಲಿ ತುಳಿದುಹೋದದ್ದು ಒಬ್ಬ ರೈತನ ವರ್ಷದ ಭತ್ತ. ತಲೆಬರಹದಲ್ಲಿ ಆನೆಯಷ್ಟೇ ಇರುತ್ತದೆ, ಭತ್ತ ನಾಲ್ಕನೇ ಸಾಲಿಗೆ ಇಳಿದಿರುತ್ತದೆ. ತುರುಗೋಳು, ಊರಳಿವು ಎಂದು ಹೆಸರಿಟ್ಟವರಾಗಿದ್ದರೆ ಭತ್ತವನ್ನೂ ಅದರ ಒಡೆಯನನ್ನೂ ಮೊದಲ ಸಾಲಿನಲ್ಲೇ ಬರೆಯುತ್ತಿದ್ದರು.