ನಿಜವಾದದ್ದೆಲ್ಲ ವಿಶ್ವಕೋಶಕ್ಕೆ ಸಲ್ಲದು

ಮುದ್ರಿತ ವಿಶ್ವಕೋಶದಲ್ಲಿ ಯಾವ ವಿವರವನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಕೈಬಿಡಬೇಕು ಎಂಬುದನ್ನು ಬಹುಮಟ್ಟಿಗೆ ಪುಟಗಳ ಮಿತಿಯೇ ನಿರ್ಧರಿಸುತ್ತಿತ್ತು. ಮೈಸೂರು ವಿಶ್ವವಿದ್ಯಾನಿಲಯ 14 ಸಂಪುಟಗಳಲ್ಲಿ ಹೊರತಂದ ಕನ್ನಡ ವಿಶ್ವಕೋಶವೂ ಈ ಕಟ್ಟಿಗೆ ಒಳಪಟ್ಟೇ ಸಿದ್ಧವಾಯಿತು. 2001ರ ಜನವರಿ 15ರಂದು ಆರಂಭವಾದ ವಿಕಿಪೀಡಿಯಕ್ಕಾಗಲಿ, 2003ರಲ್ಲಿ ತೊಡಗಿದ ಅದರ ಕನ್ನಡ ಆವೃತ್ತಿಗಾಗಲಿ ಕಾಗದದ ಕಟ್ಟಿಲ್ಲ. ಅಲ್ಲಿ ಯಾರು ಬೇಕಾದರೂ ಬರೆಯಬಹುದಾದ್ದರಿಂದ, ಹಿಂದೆ ಪುಟಗಳ ಲೆಕ್ಕ ಮಾಡುತ್ತಿದ್ದ ಆಯ್ಕೆಯ ಕೆಲಸವನ್ನು ಈಗ ನಿಯಮಗಳು ಮಾಡಬೇಕಾಗಿದೆ. ಆ ನಿಯಮಗಳ ತಿರುಳೆಂದರೆ, ಒಂದು ಸಂಗತಿ ನಿಜವಾಗಿದ್ದ ಮಾತ್ರಕ್ಕೆ ಲೇಖನದಲ್ಲಿ ಸ್ಥಾನ ಪಡೆಯುವುದಿಲ್ಲ.

ಮೊದಲನೆಯ ನಿಯಮ ಪರಿಶೀಲನಾರ್ಹತೆ, ಅಂದರೆ ಲೇಖನದ ಮಾತನ್ನು ಓದುಗರು ಪ್ರಕಟಿತವಾದ, ನಂಬಲರ್ಹವಾದ ಆಕರದಲ್ಲಿ ತಾವೇ ಸರಿನೋಡಿಕೊಳ್ಳುವಂತಿರಬೇಕು ಎಂಬುದು. ಎರಡನೆಯದು ಸ್ವಂತ ಸಂಶೋಧನೆಯ ನಿಷೇಧ: ಶಾಸನವೊಂದನ್ನು ಹೊಸದಾಗಿ ಓದಿ ಅದರ ಕಾಲವನ್ನು ನಿರ್ಣಯಿಸಿದ ವಿದ್ವಾಂಸರು ಆ ತೀರ್ಮಾನವನ್ನು ಮೊದಲು ಸಂಶೋಧನ ಪತ್ರಿಕೆಯಲ್ಲಿ ಪ್ರಕಟಿಸಬೇಕೇ ಹೊರತು ನೇರವಾಗಿ ವಿಶ್ವಕೋಶದಲ್ಲಿ ಬರೆಯುವಂತಿಲ್ಲ, ಏಕೆಂದರೆ ಅದನ್ನು ಒರೆಗೆ ಹಚ್ಚುವ ತಜ್ಞರ ಮಂಡಳಿ ಅಲ್ಲಿಲ್ಲ. ಮೂರನೆಯದಾದ ತಟಸ್ಥ ದೃಷ್ಟಿಕೋನವು ಎಲ್ಲ ಅಭಿಪ್ರಾಯಗಳಿಗೂ ಸಮಪಾಲು ಕೊಡಬೇಕೆನ್ನುವುದಿಲ್ಲ. ನಂಬಲರ್ಹ ಆಕರಗಳಲ್ಲಿ ಯಾವುದಕ್ಕೆ ಎಷ್ಟು ತೂಕವಿದೆಯೋ ಲೇಖನದಲ್ಲೂ ಅಷ್ಟೇ ತೂಕವಿರಬೇಕೆನ್ನುತ್ತದೆ.

ಈ ತೂಕದ ಪ್ರಶ್ನೆಯನ್ನು ಜೋಗ ಜಲಪಾತದ ನಿದರ್ಶನದಿಂದ ತಿಳಿಯಬಹುದು. ಶರಾವತಿ ಸುಮಾರು 253 ಮೀಟರ್ ಆಳಕ್ಕೆ ಧುಮುಕುವುದು, ರಾಜ, ರಾಣಿ, ರೋರರ್, ರಾಕೆಟ್ ಎಂಬ ಕವಲುಗಳು, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದಾಗಿ ನೀರಿನ ಹರಿವು ತಗ್ಗಿದ್ದು, ಇವೆಲ್ಲ ಜಲಪಾತದ ಸ್ವರೂಪವನ್ನೂ ಅದು ಕಂಡ ಮಾರ್ಪಾಟನ್ನೂ ತಿಳಿಸುವ ವಿವರಗಳು. ಬಸ್ಸಿನ ವೇಳೆ, ವಸತಿಗೃಹದ ಬಾಡಿಗೆ ಅಷ್ಟೇ ನಿಜವಾದರೂ ಪ್ರವಾಸಿ ಕೈಪಿಡಿಗೆ ಸೇರಿದವು. ಅಲ್ಲಿ ಚಿತ್ರೀಕರಣಗೊಂಡ ಸಿನಿಮಾಗಳ ವಿಷಯದಲ್ಲಿ ಮಾತ್ರ ವಾದಕ್ಕೆ ಎಡೆಯಿದೆ: ಯಾವುದಾದರೊಂದು ಚಿತ್ರಕ್ಕೂ ಜೋಗಕ್ಕೂ ಇರುವ ನಂಟನ್ನು ವಿಮರ್ಶಕರು ಚರ್ಚಿಸಿದ್ದರೆ ಆ ಮಾತು ಸಲ್ಲುತ್ತದೆ, ಬರಿಯ ಹೆಸರುಗಳ ಪಟ್ಟಿ ಸಲ್ಲುವುದಿಲ್ಲ. ಇಂಥಲ್ಲಿ ಭಿನ್ನಾಭಿಪ್ರಾಯ ಬಂದಾಗ ಸಂಪಾದಕರು ಲೇಖನಕ್ಕೆ ಹೊಂದಿಕೊಂಡ ಚರ್ಚೆಪುಟದಲ್ಲಿ ಕಾರಣಗಳನ್ನು ಮಂಡಿಸಿ ಒಮ್ಮತಕ್ಕೆ ಬರಬೇಕು. ತಲೆಯೆಣಿಕೆಯಿಂದ ಅದು ತೀರ್ಮಾನವಾಗುವುದಿಲ್ಲ.

ಬದುಕಿರುವ ವ್ಯಕ್ತಿಗಳ ವಿಷಯದಲ್ಲಿ ನಿಯಮ ಇನ್ನೂ ಬಿಗಿಯಾಗಿದೆ. 2005ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರನ್ನು ಕೆನಡಿ ಸಹೋದರರ ಹತ್ಯೆಯೊಂದಿಗೆ ತಳಕು ಹಾಕಿದ ಸುಳ್ಳು ಸಾಲುಗಳು ಇಂಗ್ಲಿಷ್ ವಿಕಿಪೀಡಿಯದಲ್ಲಿ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿದಿದ್ದವು. ಜೀವಂತ ವ್ಯಕ್ತಿಯ ಬಗೆಗಿನ ಆಧಾರರಹಿತ ಆರೋಪವನ್ನು ಚರ್ಚೆಗೆ ಕಾಯದೆ ಕೂಡಲೇ ತೆಗೆಯಬೇಕೆಂಬ ಇಂದಿನ ಕಟ್ಟಳೆ ಆ ಪ್ರಕರಣದ ಬೆನ್ನಿಗೇ ರೂಪುಗೊಂಡಿತು. ಹುಟ್ಟಿದ ದಿನಾಂಕದಂಥ ಖಾಸಗಿ ವಿವರವೂ ನಂಬಲರ್ಹ ಆಕರಗಳಲ್ಲಿ ವ್ಯಾಪಕವಾಗಿ ಪ್ರಕಟವಾಗಿದ್ದರೆ ಮಾತ್ರ ಅಲ್ಲಿ ಸೇರಬಹುದು.

ಆದರೆ ಆಕರಗಳನ್ನೇ ನೆಚ್ಚುವ ಈ ಪದ್ಧತಿ ಆಕರಗಳ ಕೊರತೆಯನ್ನೂ ತನ್ನದಾಗಿಸಿಕೊಳ್ಳುತ್ತದೆ. ವಿಷಯವೊಂದು ಪ್ರತ್ಯೇಕ ಲೇಖನಕ್ಕೆ ಅರ್ಹವೆನಿಸಬೇಕಾದರೆ ಅದಕ್ಕೆ ಸಂಬಂಧಪಡದ ಇತರರು ಅದನ್ನು ಕುರಿತು ವಿವರವಾಗಿ ಬರೆದಿರಬೇಕು ಎಂಬುದು ಗಮನಾರ್ಹತೆಯ ನಿಯಮ. ಕೆನಡಾದ ಭೌತವಿಜ್ಞಾನಿ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಅವರ ಕುರಿತ ಕರಡು ಲೇಖನವನ್ನು 2018ರ ಮೇ ತಿಂಗಳಲ್ಲಿ ಈ ನಿಯಮದನ್ವಯ ಆಧಾರ ಸಾಲದೆಂದು ತಿರಸ್ಕರಿಸಲಾಯಿತು. ಅದೇ ಅಕ್ಟೋಬರಿನಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಘೋಷಣೆಯಾದ ಮೇಲಷ್ಟೇ ಲೇಖನ ಮೂಡಿತು. ಪ್ರಶಸ್ತಿ ತಂದ ಸಂಶೋಧನೆ 1985ರಲ್ಲೇ ಪ್ರಕಟವಾಗಿದ್ದರೂ, ಅವರನ್ನು ಕುರಿತು ಬೇರೆಯವರು ಬರೆದದ್ದು ಕಡಿಮೆಯಿತ್ತು.

ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರಂತೆ ಬಾಯಿಂದ ಬಾಯಿಗೆ ಸಾಗಿಬಂದ ವಿದ್ಯೆಯುಳ್ಳವರಿಗೆ ಈ ತೊಡಕು ಇನ್ನಷ್ಟು ದೊಡ್ಡದು. 2011ರಲ್ಲಿ ಹಿಂದಿ, ಮಲಯಾಳಂ ಮತ್ತು ದಕ್ಷಿಣ ಆಫ್ರಿಕದ ಭಾಷೆಯೊಂದರಲ್ಲಿ ಧ್ವನಿಮುದ್ರಿತ ಮಾತನ್ನೇ ಆಕರವಾಗಿ ಬಳಸುವ ಪ್ರಯೋಗ ನಡೆಯಿತಾದರೂ ಅದು ಸಾಮಾನ್ಯ ರೂಢಿಯಾಗಲಿಲ್ಲ. ಆದ್ದರಿಂದ ಕನ್ನಡದ ಲೇಖನಗಳು ತುಂಬಿಕೊಳ್ಳಬೇಕಾದರೆ ಕ್ಷೇತ್ರಕಾರ್ಯ, ಸ್ಥಳೀಯ ಚರಿತ್ರೆ, ಕಲಾವಿದರ ಜೀವನಚರಿತ್ರೆಗಳ ಪ್ರಕಟಣೆ ಮೊದಲು ನಡೆಯಬೇಕು. ಅಲ್ಲಿಯವರೆಗೆ ಲೇಖನದಲ್ಲಿ ಒಂದು ಹೆಸರು ಕಾಣದಿರುವುದನ್ನು ಆ ವ್ಯಕ್ತಿಯ ಯೋಗ್ಯತೆಯ ಮೇಲಿನ ತೀರ್ಪೆಂದು ಓದುಗರು ಭಾವಿಸಬೇಕಾಗಿಲ್ಲ.